ಕವಿ ಬಚ್ಚಿಟ್ಟದ್ದರಲ್ಲಿ ಸಿನಿಮಾ ಎಷ್ಟನ್ನು ತೆರೆಯಿತು?

ಪ್ರಶ್ನೆ: ನಮ್ಮೂರಿನ ಪುಟ್ಟ ಫಿಲ್ಮ್ ಸೊಸೈಟಿಯಲ್ಲಿ ಕಳೆದ ತಿಂಗಳು ಟೆರೆನ್ಸ್ ಡೇವಿಸ್ ಅವರ ‘ಬೆನಿಡಿಕ್ಷನ್’ ತೋರಿಸಿದೆವು. ಇಂಗ್ಲಿಷ್ ಕವಿ ಸಿಗ್‌ಫ್ರೀಡ್ ಸಸೂನ್ ಅವರ ಬದುಕಿನ ಚಿತ್ರ. ಮುಗಿದ ಮೇಲೆ ದೊಡ್ಡ ಚರ್ಚೆಯೇ ಆಯಿತು. ಕೆಲವು ವಿದ್ಯಾರ್ಥಿಗಳು ‘ಎಲ್ಲರೂ ಬಿಳಿಯರು, ಎಲ್ಲರೂ ಉಳ್ಳವರು, ಇದರಲ್ಲಿ ವೈವಿಧ್ಯ ಎಲ್ಲಿದೆ ಸಾರ್?’ ಎಂದರು. ಇನ್ನೊಬ್ಬ ಹುಡುಗ ‘ಸಲಿಂಗಿಗಳನ್ನು ಯಾವಾಗಲೂ ಅಳುವವರ ಹಾಗೆಯೇ ಯಾಕೆ ತೋರಿಸ್ತಾರೆ?’ ಎಂದು ಕೇಳಿ ಎದ್ದು ಹೋದ. ನನಗೆ ಚಿತ್ರ ತುಂಬಾ ಹಿಡಿಸಿತ್ತು. ಆದರೆ ಉತ್ತರ ಹೇಳಲು ಬಾಯಿ ಬರಲಿಲ್ಲ. ನೊಂದ ಕವಿಯೊಬ್ಬನ ಬದುಕನ್ನು ಹೇಳುವ ಸಿನಿಮಾದಲ್ಲಿ ಪ್ರಾತಿನಿಧ್ಯವನ್ನು ಹೇಗೆ ನೋಡಬೇಕು?

ಉತ್ತರ: ಎದ್ದು ಹೋದ ಆ ಹುಡುಗನನ್ನು ದಯವಿಟ್ಟು ಮತ್ತೆ ಕರೆಯಿರಿ. ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನನ್ನ ಉತ್ತರ ಅವನಿಗೆ ಪೂರ್ತಿ ಒಪ್ಪಿಗೆ ಆಗದೇ ಇರಬಹುದು. ಆದರೂ ಇದನ್ನು ಅವನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆಯುತ್ತಿದ್ದೇನೆ.

ಚಿತ್ರ ನೋಡದವರಿಗಾಗಿ ಕತೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಸಸೂನ್ ಹುಟ್ಟಿದ್ದು 1886ರಲ್ಲಿ, ಇಂಗ್ಲೆಂಡಿನ ಕೆಂಟ್ ಸೀಮೆಯಲ್ಲಿ. ಕುದುರೆ ಸವಾರಿ, ಕ್ರಿಕೆಟ್, ಒಂದಿಷ್ಟು ಪದ್ಯ ಅಂತ ಹಾಯಾಗಿದ್ದವರು. ಮೊದಲ ಮಹಾಯುದ್ಧ ಶುರುವಾದಾಗ ಸೇನೆ ಸೇರಿದರು. 1915ರಲ್ಲಿ ತಮ್ಮ ಹಾಮೊ ಗಲಿಪೊಲಿ ಕಾಳಗದಲ್ಲಿ ಪೆಟ್ಟು ತಿಂದು ತೀರಿಕೊಂಡ. ಮರುವರ್ಷ ಸಸೂನರಿಗೆ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಬಂತು. ಅದರ ಮರುವರ್ಷ, 1917ರಲ್ಲಿ, ಅದೇ ಮನುಷ್ಯ ಬಹಿರಂಗ ಹೇಳಿಕೆ ಕೊಟ್ಟರು. ಯುದ್ಧವನ್ನು ನಿಲ್ಲಿಸುವ ಶಕ್ತಿ ಇರುವವರೇ ಅದನ್ನು ಬೇಕಂತ ಎಳೆಯುತ್ತಿದ್ದಾರೆ, ನಾನಿನ್ನು ಇದರಲ್ಲಿ ಸೇರುವುದಿಲ್ಲ ಎಂಬುದು ಅದರ ಸಾರ. ಜುಲೈ 30ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲೂ ಅದನ್ನು ಓದಿದರು. ಕೋರ್ಟ್ ಮಾರ್ಷಲ್ ಆಗಬೇಕಿತ್ತು. ಗೆಳೆಯರು ಮಧ್ಯೆ ಬಂದರು. ಮನಸ್ಸಿಗೆ ಪೆಟ್ಟಾಗಿದೆ ಎಂದು ಮೆಡಿಕಲ್ ಬೋರ್ಡಿನ ಎದುರು ಹೇಳಿಸಿ, ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಸೇನಾ ಆಸ್ಪತ್ರೆಗೆ ಕಳಿಸಿದರು.

ಅಲ್ಲಿ ಇಬ್ಬರು ಸಿಗುತ್ತಾರೆ. ಒಬ್ಬರು ಡಾಕ್ಟರ್ ರಿವರ್ಸ್. ಇನ್ನೊಬ್ಬ 24 ವರ್ಷದ ವಿಲ್ಫ್ರೆಡ್ ಓವೆನ್, ತನ್ನ ಪದ್ಯಗಳನ್ನು ಹಿಡಿದು ಅಂಜುತ್ತಾ ಸಸೂನರ ಕೋಣೆಗೆ ಬರುವ ಹುಡುಗ. ಓವೆನ್ ಮತ್ತೆ ಯುದ್ಧಕ್ಕೆ ಹೋದ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರ ಇದ್ದಾಗ ಸತ್ತ. ಸಸೂನ್ 1967ರವರೆಗೆ ಬದುಕಿದರು. ಆ ಉಳಿದ ವರ್ಷಗಳ ಪ್ರೇಮ, ಜಗಳ, ಮದುವೆ, ಕೊನೆಗೆ ಕ್ಯಾಥಲಿಕ್ ಧರ್ಮಕ್ಕೆ ಸೇರಿದ್ದು, ಇದೆಲ್ಲ ಸೇರಿ ‘ಬೆನಿಡಿಕ್ಷನ್’. ತರುಣ ಸಸೂನ್ ಆಗಿ ಜ್ಯಾಕ್ ಲೌಡನ್, ಮುದುಕ ಸಸೂನ್ ಆಗಿ ಪೀಟರ್ ಕಪಾಲ್ಡಿ ಇದ್ದಾರೆ. ಚಿತ್ರ ಮೊದಲು ತೆರೆ ಕಂಡಿದ್ದು 2021ರಲ್ಲಿ. ಡೇವಿಸ್ 2023ರಲ್ಲಿ ತೀರಿಕೊಂಡರು. ಇದೇ ಅವರ ಕೊನೆಯ ಕಥಾಚಿತ್ರ.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪರದೆಯ ಮೇಲೆ ಎಷ್ಟು ಜನ ಕಪ್ಪು, ಎಷ್ಟು ಜನ ಬಿಳಿ, ಎಷ್ಟು ಹೆಂಗಸರು ಎಂದು ತಲೆ ಎಣಿಸಿದರೆ ಏನೋ ಒಂದು ಗೊತ್ತಾಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಸಸೂನರ ವಿಷಯದಲ್ಲಿ ಇನ್ನೂ ಒಳ್ಳೆಯ ದಾರಿ ಇದೆ, ಮತ್ತು ಅದನ್ನು ತೋರಿಸಿಕೊಟ್ಟವರು ಸಸೂನರೇ.

1928ರಿಂದ ಅವರು ತಮ್ಮದೇ ಬದುಕನ್ನು ಕಾದಂಬರಿಯ ವೇಷದಲ್ಲಿ ಹೊರತರಲು ಶುರು ಮಾಡಿದರು. ಮೂರು ಸಂಪುಟ ಬಂದವು. ನಾಯಕನ ಹೆಸರು ಜಾರ್ಜ್ ಶರ್ಸ್ಟನ್. ಯುದ್ಧ, ಪದಕ, ಆ ಹೇಳಿಕೆ, ಆಸ್ಪತ್ರೆ, ಡಾಕ್ಟರ್ ರಿವರ್ಸ್ ಎಲ್ಲ ಇವೆ. ಆದರೆ ಶರ್ಸ್ಟನ್ ಅಪ್ಪ ಅಮ್ಮ ಇಲ್ಲದ ಹುಡುಗ, ಅತ್ತೆಯ ಮನೆಯಲ್ಲಿ ಬೆಳೆದವನು. ಅವನು ಕವಿ ಅಲ್ಲ. ಗಂಡಸರನ್ನು ಪ್ರೀತಿಸಿದವನಲ್ಲ. ಯಹೂದಿ ಮನೆತನದವನೂ ಅಲ್ಲ. ಅಂದರೆ ಸಸೂನ್ ತಮ್ಮ ಬದುಕನ್ನು ಬರೆಯುವಾಗ ಮೂರು ದೊಡ್ಡ ವಿಷಯಗಳನ್ನು ತಾವೇ ತೆಗೆದುಹಾಕಿದರು: ತಮ್ಮ ಕಾವ್ಯ, ತಮ್ಮ ಪ್ರೇಮ, ತಮ್ಮ ತಂದೆಯ ಕುಲ. ಎಲ್ಲರೂ ಇಷ್ಟಪಡುವಂಥ ಒಬ್ಬ ಅಪ್ಪಟ ಇಂಗ್ಲಿಷ್ ಹುಡುಗ ಮಾತ್ರ ಪುಸ್ತಕದಲ್ಲಿ ಉಳಿದ. ಜನ ಆ ಪುಸ್ತಕವನ್ನು ಮೆಚ್ಚಿದರು, ಬಹುಮಾನಗಳೂ ಬಂದವು.

ಹಾಗಾಗಿ ನಾನು ಈ ಚಿತ್ರವನ್ನು ನೋಡುವಾಗ ಕೇಳಿಕೊಳ್ಳುವುದು ಇಷ್ಟು. ಕವಿ ಭಯದಿಂದಲೋ ನಾಚಿಕೆಯಿಂದಲೋ ಬಚ್ಚಿಟ್ಟದ್ದರಲ್ಲಿ ಡೇವಿಸ್ ಯಾವುದನ್ನು ವಾಪಸ್ ಕೊಟ್ಟರು? ಯಾವುದನ್ನು ಹಾಗೇ ಬಿಟ್ಟರು?

ಪ್ರೇಮವನ್ನು ವಾಪಸ್ ಕೊಟ್ಟಿದ್ದಾರೆ, ಪೂರ್ತಿಯಾಗಿ. ಇದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಬಾರದು. ನಟ ಮತ್ತು ಸಂಗೀತಗಾರ ಐವರ್ ನವೆಲ್ಲೊ, ರಂಗಭೂಮಿಯ ಗ್ಲೆನ್ ಬಾಯಮ್ ಶಾ, ಸಿರಿವಂತರ ಮನೆಯ ಸ್ಟೀಫನ್ ಟೆನಂಟ್, ಇವರೆಲ್ಲ ಇಲ್ಲಿ ಹೆಸರಿನ ಸಮೇತ ಬರುತ್ತಾರೆ. ಪಕ್ಕದ ಪಾತ್ರಗಳಾಗಿ ಅಲ್ಲ, ಕತೆಯನ್ನು ನಡೆಸುವವರಾಗಿ. ಇವರು ಒಬ್ಬರ ಜೊತೆ ಒಬ್ಬರು ಮಾತಾಡುವ ರೀತಿಯನ್ನು ಗಮನಿಸಿ. ಹೊರಗಿನವರಿಗೆ ಅರ್ಥವಾಗದ ಹಾಗೆ, ಎರಡೆರಡು ಅರ್ಥ ಇಟ್ಟುಕೊಂಡು ಮಾತಾಡುತ್ತಾರೆ. ಅದು ಸುಮ್ನೆ ಶೋಕಿಗೆ ಬಂದ ಭಾಷೆ ಅಲ್ಲ. 1885ರ ಕಾನೂನಿನ ಪ್ರಕಾರ ಗಂಡಸರ ನಡುವಿನ ಪ್ರೇಮಕ್ಕೆ ಜೈಲು ಶಿಕ್ಷೆ ಇತ್ತು. ಚಿತ್ರದಲ್ಲಿ ಸಸೂನರಿಗೆ ಅಪ್ಪನ ಹಾಗೆ ನಿಲ್ಲುವ ರಾಬಿ ರಾಸ್ ಇದ್ದಾರಲ್ಲ, ಅವರು ಆಸ್ಕರ್ ವೈಲ್ಡ್ ಅವರ ಆಪ್ತ ಗೆಳೆಯ. 1895ರಲ್ಲಿ ವೈಲ್ಡ್ ಜೈಲಿಗೆ ಹೋದದ್ದನ್ನು, ಆಮೇಲೆ ಅವರ ಬದುಕು ಹಾಳಾದದ್ದನ್ನು ಕಣ್ಣಾರೆ ಕಂಡವರು. ಅಂಥವರು ಊಟದ ಮೇಜಿನಲ್ಲಿ ಪಕ್ಕದಲ್ಲೇ ಕೂತಿರುವಾಗ ಯಾರಿಗೆ ತಾನೇ ಬಿಚ್ಚಿ ಮಾತಾಡಲು ಧೈರ್ಯ ಬರುತ್ತದೆ?

ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲವಾದದ್ದು 1967ರ ಜುಲೈ 27ರಂದು. ಸಸೂನ್ ತೀರಿಕೊಂಡದ್ದು ಅದೇ ವರ್ಷ ಸೆಪ್ಟೆಂಬರ್ 1ರಂದು. ಎಂಬತ್ತು ವರ್ಷದ ಬದುಕಿನಲ್ಲಿ ಐದೇ ವಾರ ಅವರು ಕಾನೂನಿನ ಕಣ್ಣಲ್ಲಿ ಅಪರಾಧಿ ಆಗಿರಲಿಲ್ಲ. ನಮ್ಮ ದೇಶಕ್ಕೆ ಅದೇ ಬ್ರಿಟಿಷರು 1860ರಲ್ಲಿ ಬರೆದಿಟ್ಟು ಹೋದ 377ನೇ ಕಲಮನ್ನು ಸುಪ್ರೀಂ ಕೋರ್ಟ್ ಸಡಿಲಿಸಿದ್ದು 2018ರ ಸೆಪ್ಟೆಂಬರ್ 6ರಂದು. ನಿಮ್ಮ ಆ ಹುಡುಗ ಆಗ ಹೈಸ್ಕೂಲಿನಲ್ಲೋ ಮಿಡ್ಲ್ ಸ್ಕೂಲಿನಲ್ಲೋ ಇದ್ದಿರಬೇಕು. ಅಷ್ಟು ಹತ್ತಿರದ ಮಾತು ಇದು.

ಆದರೂ ಅವನ ದೂರು ಉಳಿಯುತ್ತದೆ. ಇವರೆಲ್ಲ ಯಾಕೆ ಇಷ್ಟು ಅಳುತ್ತಾರೆ, ಇಲ್ಲವೇ ಇಷ್ಟು ಚುಚ್ಚುತ್ತಾರೆ? ನವೆಲ್ಲೊ ಇಲ್ಲಿ ಕಲ್ಲುಮನಸ್ಸಿನವರು. ಟೆನಂಟ್ ತನ್ನ ಚಂದವನ್ನೇ ನೋಡಿಕೊಳ್ಳುವವನು. ಪ್ರೀತಿ ಅಂದರೆ ಒಬ್ಬರನ್ನೊಬ್ಬರು ನೋಯಿಸುವುದು ಎನ್ನುವ ಹಾಗೆ ಒಂದಾದ ಮೇಲೆ ಒಂದು ದೃಶ್ಯ ಬರುತ್ತದೆ. ಇದು ಸಸೂನರ ಪೂರ್ತಿ ಸತ್ಯ ಅಲ್ಲ ಅಂತ ನನಗೂ ಅನ್ನಿಸುತ್ತದೆ. ಆ ಶರ್ಸ್ಟನ್ ಪುಸ್ತಕಗಳ ಮೊದಲನೆಯದು ಹೊರಬಂದದ್ದು ಅವರು ಟೆನಂಟ್ ಜೊತೆ ಇದ್ದ ಕಾಲದಲ್ಲೇ. ಅಂದರೆ ಆ ವರ್ಷಗಳಲ್ಲಿ ಕೆಲಸವೂ ಸಾಗುತ್ತಿತ್ತು, ಹೆಸರೂ ಬರುತ್ತಿತ್ತು, ಸಂತೋಷದ ದಿನಗಳೂ ಇದ್ದವು. ಚಿತ್ರ ಮಾತ್ರ ಕೊಂಕುಮಾತಿಗೂ ಮನಸ್ತಾಪಕ್ಕೂ ಹೆಚ್ಚು ಹೊತ್ತು ಕೊಟ್ಟಿದೆ.

ಯಾಕೆ ಅಂದರೆ, ಇಲ್ಲಿ ಅಳುತ್ತಿರುವವರು ಡೇವಿಸ್ ಕೂಡ. ಅವರು ಲಿವರ್‌ಪೂಲ್‌ನ ಕೂಲಿಕಾರರ ಮನೆಯವರು. ದೊಡ್ಡ ಸಂಸಾರದ ಕೊನೆಯ ಮಗು. ಕಟ್ಟಾ ಕ್ಯಾಥಲಿಕ್ ಆಗಿ ಬೆಳೆದರು, ಆಮೇಲೆ ಆ ನಂಬಿಕೆ ಬಿಟ್ಟರು. ತಾನು ಗೇ ಆಗಿದ್ದರಿಂದ ತನ್ನ ಬದುಕಿಗೆ ದುಃಖವೇ ಜಾಸ್ತಿ ಬಂತು ಎಂದು ಸಂದರ್ಶನಗಳಲ್ಲಿ ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದರು. ಈ ಮಾತು ಇವತ್ತಿನ ಹುಡುಗರಿಗೆ ಹಿಡಿಸುವುದಿಲ್ಲ. ಹಿಡಿಸಬೇಕಾಗಿಯೂ ಇಲ್ಲ. ಆದರೆ ಹೊರಗಿನವರು ಸಲಿಂಗಿಯನ್ನು ಕರುಣೆಯ ವಸ್ತು ಮಾಡುವುದೇ ಬೇರೆ, ಎಪ್ಪತ್ತೈದು ದಾಟಿದ ಒಬ್ಬ ಸಲಿಂಗಿ ತನ್ನ ನೋವನ್ನು ಇನ್ನೊಬ್ಬನ ಬದುಕಿನಲ್ಲಿ ಇಟ್ಟು ಹೇಳಿಕೊಳ್ಳುವುದೇ ಬೇರೆ. ಆ ಹುಡುಗನಿಗೆ ಸಂತೋಷದ ಚಿತ್ರಗಳೂ ಸಿಗಬೇಕು, ಅದು ಅವನ ಹಕ್ಕು. ಈ ಮುದುಕರ ದುಃಖವನ್ನು ಸುಳ್ಳು ಅಂತ ಮಾತ್ರ ಅವನು ಅಂದುಕೊಳ್ಳದಿರಲಿ.

ಇನ್ನು ಬಚ್ಚಿಟ್ಟ ಮತ್ತೊಂದು ವಿಷಯ, ತಂದೆಯ ಕುಲ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿ ಬರೆಯುತ್ತೇನೆ. ನಿಮ್ಮ ವಿದ್ಯಾರ್ಥಿಗಳ ‘ಎಲ್ಲರೂ ಬಿಳಿಯರು’ ಎಂಬ ಮಾತಿಗೆ ಉತ್ತರ ಇಲ್ಲೇ ಇದೆ.

ಬಹಳ ವರ್ಷಗಳ ಹಿಂದೆ ನಾನು ಮುಂಬೈಯಲ್ಲಿ ಕೆಲಸಕ್ಕಿದ್ದಾಗ ಒಂದು ದಿನ ಬೆಳಗಿನ ಜಾವ ಐದು ಗಂಟೆಗೆ ಕೊಲಾಬಾದ ಮೀನಿನ ಬಂದರಿಗೆ ಹೋಗಿದ್ದೆ. ಇನ್ನೂ ಕತ್ತಲೆ. ದೋಣಿಗಳಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿತ್ತು. ಕಾಲಡಿ ಐಸಿನ ನೀರು ಹರಿಯುತ್ತಿತ್ತು. ಕೋಲಿ ಎಂಬ ಮೀನುಗಾರ ಸಮುದಾಯದ ಹೆಂಗಸರು ಸೆರಗನ್ನು ಬಿಗಿಯಾಗಿ ಕಟ್ಟಿಕೊಂಡು ಗಟ್ಟಿ ದನಿಯಲ್ಲಿ ಹರಾಜು ಕೂಗುತ್ತಿದ್ದರು. ಒಂದು ಮೂಲೆಯಲ್ಲಿ ನಮ್ಮ ಕರಾವಳಿ ಕಡೆಯ ಇಬ್ಬರು ತುಳುವಿನಲ್ಲಿ ಬೆಲೆಯ ಬಗ್ಗೆ ಜಗಳ ಆಡುತ್ತಿದ್ದರು. ಆ ಬಂದರಿನ ಹೆಸರು ಸಸೂನ್ ಡಾಕ್. ಎಷ್ಟೋ ಸಲ ಕೇಳಿದ ಹೆಸರು. ಆ ಸಸೂನ್, ಈ ಸಸೂನ್ ಒಂದೇ ಮನೆಯವರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಒಂದೇ ಮನೆ. ಕವಿಯ ಮುತ್ತಜ್ಜ ಡೇವಿಡ್ ಸಸೂನ್ ಬಾಗ್ದಾದಿನ ಯಹೂದಿ. ಅಲ್ಲಿ ಕಿರುಕುಳ ತಾಳಲಾರದೆ ಓಡಿಬಂದು 1830ರ ದಶಕದಲ್ಲಿ ಮುಂಬೈಯಲ್ಲಿ ನೆಲೆ ನಿಂತವರು. ಹತ್ತಿ, ಅಫೀಮು ವ್ಯಾಪಾರದಲ್ಲಿ ಅಪಾರ ದುಡ್ಡು ಮಾಡಿದರು. ನಮ್ಮ ನೆಲದಲ್ಲಿ ಬೆಳೆದ ಅಫೀಮು ಚೀನಾಕ್ಕೆ ಹೋಗುತ್ತಿತ್ತು. ಆ ದುಡ್ಡಿನಲ್ಲಿ ಒಂದಿಷ್ಟು ಆಸ್ಪತ್ರೆಯಾಗಿ, ಶಾಲೆಯಾಗಿ, ಲೈಬ್ರರಿಯಾಗಿ ಮುಂಬೈ ಪುಣೆಗಳಲ್ಲಿ ನಿಂತಿತು. ಪುಣೆಯ ಸಸೂನ್ ಆಸ್ಪತ್ರೆ ಇವರದೇ ಹೆಸರಿನದು. ಮುಂಬೈಯ ಕಾಲಾಘೋಡಾದಲ್ಲಿ ಡೇವಿಡ್ ಸಸೂನ್ ಲೈಬ್ರರಿ ಇದೆ, ಒಳಗೆ ಅವರ ಕಲ್ಲಿನ ಮೂರ್ತಿಯೂ ಇದೆ. ಅವರು 1864ರಲ್ಲಿ ತೀರಿಕೊಂಡದ್ದೂ ಪುಣೆಯಲ್ಲೇ. ಡಾಕ್ ಕಟ್ಟಿಸಿದ್ದು ಅವರ ಮಗ ಆಲ್ಬರ್ಟ್, 1875ರಲ್ಲಿ. ಇನ್ನೊಬ್ಬ ಮಗ ಮುಂಬೈಯಲ್ಲಿ ಹುಟ್ಟಿ ಇಂಗ್ಲೆಂಡಿಗೆ ಹೋಗಿ ನೆಲೆಸಿದರು. ಆ ಮಗನ ಮಗ ಆಲ್‌ಫ್ರೆಡ್. ಅವರೇ ಕವಿಯ ತಂದೆ.

ಆಲ್‌ಫ್ರೆಡ್ ಕ್ರೈಸ್ತ ಹುಡುಗಿ ಥೆರೆಸಾ ಥಾರ್ನಿಕ್ರಾಫ್ಟ್ ಅವರನ್ನು ಮದುವೆಯಾದರು. ಮನೆಯವರು ಅವರನ್ನು ದೂರ ಮಾಡಿದರು, ಆಸ್ತಿಯಲ್ಲಿ ಪಾಲು ತಪ್ಪಿಸಿದರು. ಆಮೇಲೆ ಗಂಡ ಹೆಂಡತಿಯೂ ಬೇರೆಯಾದರು. ಸಿಗ್‌ಫ್ರೀಡ್‌ಗೆ ಎಂಟು ವರ್ಷ ಆಗಿದ್ದಾಗ ತಂದೆ ಕ್ಷಯದಿಂದ ಸತ್ತರು. ಸಿಗ್‌ಫ್ರೀಡ್ ಎಂಬ ಹೆಸರೂ ತಾಯಿಯ ಕಡೆಯಿಂದ ಬಂದದ್ದು. ಆಕೆಗೆ ಜರ್ಮನ್ ಸಂಗೀತಕಾರ ವಾಗ್ನರನ ಸಂಗೀತನಾಟಕಗಳು ಅಂದರೆ ಪ್ರಾಣ, ಅವುಗಳಲ್ಲಿ ಬರುವ ಒಬ್ಬ ನಾಯಕನ ಹೆಸರು ಅದು. ಜರ್ಮನ್ ಹೆಸರು, ಬಾಗ್ದಾದಿನ ಮನೆತನ, ಮುಂಬೈಯ ದುಡ್ಡು, ಕೆಂಟಿನ ತೋಟ: ಒಬ್ಬ ‘ಅಪ್ಪಟ ಇಂಗ್ಲಿಷ್ ಕವಿ’ ಆದದ್ದು ಇವೆಲ್ಲ ಸೇರಿ.

‘ಬೆನಿಡಿಕ್ಷನ್’ ನೋಡಿದವರಿಗೆ ಇದು ತಿಳಿಯುವುದಿಲ್ಲ. ತಾಯಿ ಇದ್ದಾರೆ, ತಂದೆಯ ಕುಲ ಕತೆಯ ಎಳೆಯಾಗಿ ಬೆಳೆಯುವುದೇ ಇಲ್ಲ. ನನಗೆ ಇದು ಈ ಚಿತ್ರದ ದೊಡ್ಡ ಕೊರತೆ. ಬಿಳಿಯರ ಕತೆಯಲ್ಲಿ ಒಬ್ಬ ಕಂದುಬಣ್ಣದ ನಟನನ್ನು ತಂದು ನಿಲ್ಲಿಸಿಲ್ಲ ಅನ್ನುವ ದೂರು ಅಲ್ಲ ಇದು. ವೈವಿಧ್ಯ ಹೊರಗಿನಿಂದ ತರಬೇಕಾದದ್ದೇ ಆಗಿರಲಿಲ್ಲ. ಅದು ನಾಯಕನ ಹೆಸರಿನಲ್ಲೇ ಇತ್ತು. ಇಂಗ್ಲಿಷ್ ಸೇನೆಯ ಆಫೀಸರುಗಳ ನಡುವೆ, ಬೇಟೆಗೆ ಹೋಗುವ ಜಮೀನ್ದಾರರ ನಡುವೆ ‘ಸಸೂನ್’ ಎಂಬ ಹೆಸರು ಹೊತ್ತು ತಿರುಗುವಾಗ ಈ ಮನುಷ್ಯನಿಗೆ ಹೇಗನ್ನಿಸಿತು? ಎಲ್ಲರಿಗಿಂತ ಜಾಸ್ತಿ ಧೈರ್ಯ ತೋರಿಸಬೇಕು ಎಂಬ ಹಟ ಎಲ್ಲಿಂದ ಬಂತು? ಸೈನಿಕರು ಅವರನ್ನು ‘ಹುಚ್ಚು ಜ್ಯಾಕ್’ ಎಂದು ಕರೆಯುತ್ತಿದ್ದರು. ಒಬ್ಬರೇ ನುಗ್ಗಿ ಶತ್ರುವಿನ ಕಂದಕವನ್ನು ಹಿಡಿದವರು ಅವರು. ಆ ಹುಚ್ಚು ಧೈರ್ಯದ ಹಿಂದೆ ಎರಡೆರಡು ಗುಟ್ಟುಗಳ ಭಾರ ಇದ್ದಿರಬಹುದು ಅಲ್ವಾ? ಡೇವಿಸ್ ಒಂದು ಗುಟ್ಟನ್ನು ಮಾತ್ರ ಮುಟ್ಟಿದರು.

ಇನ್ನೊಂದು ಕಡೆಯಿಂದಲೂ ನಮ್ಮ ಸೀಮೆ ಈ ಕತೆಯೊಳಗೆ ಬರುತ್ತದೆ. ಡಾಕ್ಟರ್ ರಿವರ್ಸ್ ಚಿತ್ರದಲ್ಲಿ ಎಷ್ಟು ಮೆತ್ತಗೆ ಮಾತಾಡುತ್ತಾರೆ, ನೋಡಿದಿರಲ್ಲ. ರೋಗಿಯನ್ನು ಕೂರಿಸಿಕೊಂಡು ಅವನ ಮಾತನ್ನು ಕೇಳುವುದೇ ಅವರ ಚಿಕಿತ್ಸೆ. ಯುದ್ಧಕ್ಕೆ ಮೊದಲು ಅವರು ಏನು ಮಾಡುತ್ತಿದ್ದರು ಗೊತ್ತೇ? 1901-02ರಲ್ಲಿ ನೀಲಗಿರಿಗೆ ಬಂದಿದ್ದರು. ಚಾಮರಾಜನಗರದ ಗಡಿ ದಾಟಿದರೆ ಸಿಗುವ ಅದೇ ನೀಲಗಿರಿ, ಕನ್ನಡಕ್ಕೆ ಬಹಳ ಹತ್ತಿರದ ಮಾತಾಡುವ ಬಡಗರು ಇರುವ ಜಾಗ. ಅಲ್ಲಿ ಎಮ್ಮೆ ಸಾಕುವ ತೋಡರ ಜೊತೆ ಕೂತು, ಮನೆ ಮನೆಯ ವಂಶಾವಳಿ ಕೇಳಿ ಬರೆದುಕೊಂಡರು. 1906ರಲ್ಲಿ ಅವರ ಬಗ್ಗೆ ದಪ್ಪ ಪುಸ್ತಕ ತಂದರು. ಮಾನವಶಾಸ್ತ್ರ ಓದುವವರು ಈಗಲೂ ಅದನ್ನು ತಿರುವಿ ಹಾಕುತ್ತಾರೆ. ಇದನ್ನೆಲ್ಲ ಚಿತ್ರದಲ್ಲಿ ತುರುಕಬೇಕಿತ್ತು ಎಂದು ಹೇಳುತ್ತಿಲ್ಲ. ಆದರೆ ಕ್ರೇಗ್‌ಲಾಕ್‌ಹಾರ್ಟಿನ ಆ ಕೋಣೆಯಲ್ಲಿ ಎದುರುಬದುರು ಕೂತ ಇಬ್ಬರಲ್ಲಿ ಒಬ್ಬರ ಹಿಂದೆ ಮುಂಬೈ, ಇನ್ನೊಬ್ಬರ ಹಿಂದೆ ನೀಲಗಿರಿ ಇತ್ತು ಎಂದು ಗೊತ್ತಾದರೆ ಆ ದೃಶ್ಯ ನಿಮಗೆ ಬೇರೆ ಥರ ಕಾಣುತ್ತದೆ.

ಓವೆನ್ ವಿಷಯವೂ ಹಾಗೇ. ಕೊನೆಯ ಸಲ ಯುದ್ಧಕ್ಕೆ ಹೊರಡುವಾಗ ಅವನು ತಾಯಿಗೆ ಹೇಳಿದ್ದು ಠಾಗೋರರ ಗೀತಾಂಜಲಿಯ ಸಾಲು. ಸತ್ತ ಮೇಲೆ ಮನೆಗೆ ಬಂದ ಅವನ ಪಾಕೆಟ್ ಪುಸ್ತಕದಲ್ಲೂ ಅದೇ ಸಾಲು, ಕೆಳಗೆ ಠಾಗೋರರ ಹೆಸರು. 1920ರಲ್ಲಿ ಆ ತಾಯಿ ಠಾಗೋರರಿಗೆ ಪತ್ರ ಬರೆದು ಆ ಕವನ ಯಾವ ಪುಸ್ತಕದಲ್ಲಿದೆ ಎಂದು ಕೇಳಿದ್ದರು. ಈ ಪತ್ರದ ನೆನಪಾದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಚಿತ್ರದಲ್ಲಿ ನಡುನಡುವೆ ಹಳೆಯ ಯುದ್ಧದ ಫಿಲ್ಮ್ ತುಣುಕುಗಳು ಬರುತ್ತವೆ. ಕೆಸರು, ಹೆಣ, ಕುದುರೆ, ದಣಿದ ಮುಖಗಳು. ಆ ಯುದ್ಧಕ್ಕೆ ಭಾರತದಿಂದ ಹತ್ತು ಲಕ್ಷಕ್ಕೂ ಜಾಸ್ತಿ ಜನ ಹೋಗಿದ್ದರು, 70 ಸಾವಿರಕ್ಕೂ ಜಾಸ್ತಿ ಜನ ಸತ್ತರು. 1916ರ ಜುಲೈನಲ್ಲಿ ಸಸೂನ್ ಫ್ರಾನ್ಸಿನ ಸೊಮ್ ಕಾಳಗದಲ್ಲಿದ್ದರು. ಅದೇ ತಿಂಗಳು 14ರಂದು ಅದೇ ಕಾಳಗದಲ್ಲಿ ಭಾರತದ ಡೆಕ್ಕನ್ ಹಾರ್ಸ್ ಸವಾರರು ಹೈ ವುಡ್ ಎಂಬ ಕಾಡಿನ ಹತ್ತಿರ ಈಟಿ ಹಿಡಿದು ನುಗ್ಗಿದರು. 1918ರ ಮೊದಲ ತಿಂಗಳುಗಳಲ್ಲಿ, ಆಸ್ಪತ್ರೆಯಿಂದ ಮತ್ತೆ ಯುದ್ಧಕ್ಕೆ ಮರಳಿದ ಸಸೂನರ ಪಡೆ ಪ್ಯಾಲೆಸ್ತೀನಿನಲ್ಲಿತ್ತು. ಮೈಸೂರು ಲ್ಯಾನ್ಸರ್ಸ್ ಕೂಡ ಅದೇ ರಂಗದಲ್ಲಿತ್ತು, ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಜೋಧಪುರದವರ ಜೊತೆ ಸೇರಿ ಗೆದ್ದಿತು. ಆ ಸವಾರರಲ್ಲಿ ಯಾರಾದರೂ ಪದ ಕಟ್ಟಿದ್ದರೋ, ಊರಿಗೆ ಬಂದು ರಾತ್ರಿ ಬೆಚ್ಚಿ ಎದ್ದು ಕೂರುತ್ತಿದ್ದರೋ, ಅವರ ಮೇಲೆ ಯಾರೂ ಜೀವನಚಿತ್ರ ಮಾಡಿಲ್ಲ. ಇದು ಡೇವಿಸ್ ತಪ್ಪಲ್ಲ. ಅವರು ಒಬ್ಬ ಕವಿಯ ಒಳಗನ್ನು ಹಿಡಿಯಲು ಹೊರಟಿದ್ದರು. ಇದು ನಾವು ಮಾಡಬೇಕಾದ ಕೆಲಸ.

ಬಡವರು, ಸಾಮಾನ್ಯ ಸಿಪಾಯಿಗಳು ಎಲ್ಲಿ ಎಂದು ಕೇಳಿದವರಿಗೆ ಒಂದು ಮಾತು. ಕ್ರೇಗ್‌ಲಾಕ್‌ಹಾರ್ಟ್ ಆಫೀಸರುಗಳ ಆಸ್ಪತ್ರೆ. ಅಲ್ಲಿ ಈಜುಕೊಳ ಇತ್ತು, ರೋಗಿಗಳೇ ತರುವ ಪತ್ರಿಕೆ ಇತ್ತು, ರಿವರ್ಸ್ ಅವರಂಥ ಡಾಕ್ಟರ್ ಇದ್ದರು. ಯುದ್ಧದಿಂದ ಹಾಗೇ ಮನಸ್ಸಿಗೆ ಪೆಟ್ಟಾದ ಸಾಮಾನ್ಯ ಸಿಪಾಯಿಗಳಲ್ಲಿ ಕೆಲವರಿಗೆ ಲಂಡನ್ನಿನಲ್ಲಿ ಕರೆಂಟ್ ಕೊಟ್ಟು ‘ವಾಸಿ’ ಮಾಡಿದರು. ಇನ್ನು ಕೆಲವರನ್ನು ಹೇಡಿಗಳೆಂದು, ಓಡಿಹೋದವರೆಂದು ಗುಂಡಿಟ್ಟು ಕೊಂದರು. ಹಾಗೆ ಸತ್ತ 306 ಜನರಿಗೆ ಬ್ರಿಟಿಷ್ ಸರಕಾರ ಕ್ಷಮೆ ಕೊಟ್ಟದ್ದು 2006ರಲ್ಲಿ. ಸಸೂನ್ ಬಹಿರಂಗವಾಗಿ ಸೇನೆಯನ್ನು ಎದುರಿಸಿ, ಬದುಕಿ, ಆಮೇಲೆ ಬರೆಯಲು ಸಾಧ್ಯವಾದದ್ದರಲ್ಲಿ ಅವರ ಎದೆಗಾರಿಕೆಯೂ ಇದೆ, ವರ್ಗವೂ ಇದೆ. ಚಿತ್ರ ಇದನ್ನು ಬಿಡಿಸಿ ಹೇಳುವುದಿಲ್ಲ. ಆದರೆ ತಾನು ಬದುಕಿ ಉಳಿದದ್ದಕ್ಕೆ ಸಸೂನರಿಗೆ ಇದ್ದ ಸಂಕಟ ಲೌಡನ್ ಮುಖದಲ್ಲಿ ಕಾಣುತ್ತದೆ.

ಹೆಂಗಸರ ಬಗ್ಗೆ ನಾನು ಇಷ್ಟು ಉದಾರವಾಗಿ ಹೇಳಲಾರೆ. ಹೆಸ್ಟರ್ ಗ್ಯಾಟಿ 1933ರಲ್ಲಿ ಸಸೂನರನ್ನು ಮದುವೆಯಾದಾಗ ಅವರಿಗಿಂತ ಸುಮಾರು 20 ವರ್ಷ ಚಿಕ್ಕವರು. 1936ರಲ್ಲಿ ಮಗ ಜಾರ್ಜ್ ಹುಟ್ಟಿದ. 1945ರ ಹೊತ್ತಿಗೆ ದಂಪತಿ ಬೇರೆಯಾಗಿದ್ದರು. ಗಂಡ ತನ್ನ ಗುಟ್ಟನ್ನು ಹೊತ್ತ ಹಾಗೆ, ಆ ಮನೆಯಲ್ಲಿ ಆಕೆಯೂ ಅದೇ ಗುಟ್ಟಿನ ಅರ್ಧ ಭಾರ ಹೊತ್ತರು. ತರುಣಿ ಹೆಸ್ಟರ್ ಆಗಿ ಕೇಟ್ ಫಿಲಿಪ್ಸ್, ಮುದುಕಿ ಹೆಸ್ಟರ್ ಆಗಿ ಜೆಮ್ಮಾ ಜೋನ್ಸ್ ಚೆನ್ನಾಗಿಯೇ ಮಾಡಿದ್ದಾರೆ. ಆದರೆ ಚಿತ್ರ ಆಕೆಯನ್ನು ಸಸೂನರ ಕಣ್ಣಿನಿಂದಲೇ ನೋಡುತ್ತದೆ. ಆಕೆ ಒಬ್ಬರೇ ಇರುವಾಗ ಏನು ಯೋಚಿಸುತ್ತಿದ್ದರು ಎಂದು ಕೇಳುವ ವ್ಯವಧಾನ ಅದಕ್ಕಿಲ್ಲ. ನೊಂದ ಕವಿಗಳ ಚಿತ್ರಗಳಲ್ಲಿ ಇದು ಮತ್ತೆ ಮತ್ತೆ ಆಗುವ ಅನ್ಯಾಯ. ಕವಿಯ ಸಂಕಟ ದೊಡ್ಡದಾಗುತ್ತಾ ಹೋದ ಹಾಗೆ ಪಕ್ಕದಲ್ಲಿ ಅಡುಗೆಮನೆಯಲ್ಲಿ ನಿಂತವರ ಸಂಕಟ ಸಣ್ಣದಾಗುತ್ತದೆ.

ಕವಿಯೇ ಹೆಂಗಸಾದರೆ ಸರಿಹೋಗುತ್ತದೆಯೇ ಅಂದರೆ ಅದೂ ಇಲ್ಲ. ಖಿನ್ನತೆಯಿಂದ ನರಳಿ ಆತ್ಮಹತ್ಯೆ ಮಾಡಿಕೊಂಡ ಅಮೆರಿಕದ ಕವಿ ಸಿಲ್ವಿಯಾ ಪ್ಲಾತ್ ಮೇಲೆ 2003ರಲ್ಲಿ ಬಂದ ‘ಸಿಲ್ವಿಯಾ’ ಚಿತ್ರವನ್ನು ಅವರ ಮಗಳೇ ವಿರೋಧಿಸಿದರು, ಸಹಕಾರ ಕೊಡಲಿಲ್ಲ. ತಾಯಿಯ ಸಾವನ್ನು ಜನ ನೋಡುವ ಆಟ ಮಾಡಬೇಡಿ ಎಂಬುದು ಅವರ ಸಂಕಟ. ಅದು ನ್ಯಾಯವಾದದ್ದು. ಕೆಲಸ ಮರೆತು ಕಾಯಿಲೆಯನ್ನೇ ತೋರಿಸಿದರೆ ಮನೋರೋಗ ಇರುವವರಿಗೆ ನಾವು ಕೊಡುವ ಪ್ರಾತಿನಿಧ್ಯ ಅಷ್ಟೇ, ಒಂದು ಕೊನೆಗಾಗಿ ಕಾಯುವ ಬದುಕು. ಅಮೆರಿಕದ ಎಮಿಲಿ ಡಿಕಿನ್ಸನ್ ಮೇಲಿನ ಟಿವಿ ಸರಣಿ ‘ಡಿಕಿನ್ಸನ್’, 2019ರಿಂದ 2021ರವರೆಗೆ ಬಂದದ್ದು, ಬೇರೆ ದಾರಿ ಹಿಡಿಯಿತು. ಅಲ್ಲಿ ಸಾವಿನ ಪಾತ್ರವನ್ನೇ ಕಪ್ಪು ಜನಾಂಗದ ರ‍್ಯಾಪ್ ಗಾಯಕ ವಿಜ್ ಖಲೀಫಾ ಮಾಡಿದರು. ಗುಲಾಮಗಿರಿಯ ವಿರುದ್ಧ ಹೋರಾಡುವ ಕಪ್ಪು ಜನರೂ ಕತೆಗೆ ಬಂದರು. ಕೆಲವರಿಗೆ ಅದು ಇತಿಹಾಸಕ್ಕೆ ಅಪಚಾರ ಅನ್ನಿಸಿತು. ನನಗೆ ಹಾಗೆ ಅನ್ನಿಸಲಿಲ್ಲ. ಡಿಕಿನ್ಸನ್ ಬರೆಯುತ್ತಿದ್ದ ವರ್ಷಗಳಲ್ಲೇ ಅಮೆರಿಕದ ಅಂತರ್ಯುದ್ಧ ನಡೆಯುತ್ತಿತ್ತು. ಅದನ್ನು ಕಿಟಕಿಯ ಹೊರಗೆ ಬಿಟ್ಟರೆ ಅದೇ ಅಪಚಾರ.

ಕೊನೆಯದಾಗಿ, ‘ಬೆನಿಡಿಕ್ಷನ್’ ಅತಿ ಹೆಚ್ಚು ಗೆಲ್ಲುವ ಜಾಗ. ಇದನ್ನು ನಿಮ್ಮಲ್ಲಿ ಯಾರೂ ಹೇಳಲಿಲ್ಲ ಅಂತ ನನಗೆ ಆಶ್ಚರ್ಯ.

ಆಸ್ಪತ್ರೆಯಲ್ಲಿ ಓವೆನ್ ತನ್ನ ಒಂದು ಕವನವನ್ನು ಸಸೂನರಿಗೆ ಓದಲು ಕೊಡುತ್ತಾನೆ. ಸಸೂನ್ ಮನಸ್ಸಿನಲ್ಲೇ ಓದಿಕೊಳ್ಳುತ್ತಾರೆ. ಕ್ಯಾಮೆರಾ ಅವರ ಮುಖದ ಮೇಲೆ ನಿಂತುಬಿಡುತ್ತದೆ. ಒಂದು ಪದವೂ ನಮಗೆ ಕೇಳುವುದಿಲ್ಲ. ಕಣ್ಣು ತುಂಬುವುದು ಮಾತ್ರ ಕಾಣುತ್ತದೆ. ಆ ಕವನ ಏನಿತ್ತು ಎಂದು ತಿಳಿಯಲು ನಾವು ಚಿತ್ರದ ಕೊನೆಯವರೆಗೆ ಕಾಯಬೇಕು. ಕೊನೆಯ ದೃಶ್ಯದಲ್ಲಿ ಸಸೂನ್ ಬೆಂಚಿನ ಮೇಲೆ ಒಬ್ಬರೇ ಕೂತಿದ್ದಾರೆ. ಹತ್ತಿರದಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗ, ಎರಡೂ ಕಾಲಿಲ್ಲ. ಆಗ ಆ ಕವನ, ‘ಡಿಸೇಬಲ್ಡ್’, ಕೇಳಿಸುತ್ತದೆ. ಅದೊಬ್ಬ ಫುಟ್‌ಬಾಲ್ ಆಡುತ್ತಿದ್ದ ಹುಡುಗನ ಕತೆ. ವಯಸ್ಸು ಸುಳ್ಳು ಹೇಳಿ ಸೇನೆ ಸೇರಿದವನು. ಈಗ ಹುಡುಗಿಯರ ಕಣ್ಣು ಅವನನ್ನು ದಾಟಿ ಗಟ್ಟಿಮುಟ್ಟಾದವರ ಕಡೆ ಹೋಗುತ್ತದೆ. ಚಳಿ, ಕತ್ತಲೆ. ತನ್ನನ್ನು ಎತ್ತಿ ಮಲಗಿಸಲು ಯಾಕೆ ಯಾರೂ ಬರಲಿಲ್ಲ ಎಂದು ಅವನು ಕಾಯುತ್ತಾನೆ.

ಜೀವನಚಿತ್ರ ಅಂದರೆ ಕೊನೆಯಲ್ಲಿ ನಾಯಕನ ಕವನ, ನಾಯಕನ ಸಮಾಧಿ, ನಾಯಕನ ಸಾಧನೆಗಳ ಪಟ್ಟಿ ಬರುತ್ತದೆ. ಇಲ್ಲಿ ಸಸೂನರ ಚಿತ್ರ ಮುಗಿಯುವುದು ಬೇರೆಯವನ ಕವನದಲ್ಲಿ, ಅದೂ ಹೆಸರೇ ಇಲ್ಲದ ಒಬ್ಬ ಕಾಲಿಲ್ಲದ ಹುಡುಗನ ಮೇಲಿನ ಕವನದಲ್ಲಿ. ಎರಡು ಗಂಟೆಗೂ ಮಿಕ್ಕಿ ಸಿರಿವಂತರ ಬೈಠಕ್ ಖಾನೆಗಳಲ್ಲಿ ಓಡಾಡಿದ ಕ್ಯಾಮೆರಾ ಕೊನೆಯ ಕೆಲವು ನಿಮಿಷಗಳನ್ನು ಅವನಿಗೆ ಕೊಟ್ಟಿದೆ. ಅವನ ಮೇಲೆ ಕರುಣೆ ಸುರಿಯುವುದಿಲ್ಲ. ಅವನಿಗೆ ಏನನ್ನಿಸುತ್ತಿದೆ ಎಂದು ಅವನ ಒಳಗಿನಿಂದ ಹೇಳುತ್ತದೆ. ಆಮೇಲೆ ಸಸೂನ್ ಬಿಕ್ಕಿ ಬಿಕ್ಕಿ ಅಳುತ್ತಾರೆ. ಆ ಅಳು ತಮಗಾಗಿಯೋ, ಓವೆನ್‌ಗಾಗಿಯೋ, ಆ ಹುಡುಗನಿಗಾಗಿಯೋ ಎಂದು ಬೇರೆ ಮಾಡಲು ಆಗುವುದಿಲ್ಲ.

ಮುಂದಿನ ಸಲ ನೀವು ಸೇರುವಾಗ ಇಡೀ ಚಿತ್ರ ಬೇಡ. ಈ ಎರಡು ದೃಶ್ಯಗಳನ್ನು ಮಾತ್ರ ಒಂದರ ಹಿಂದೆ ಒಂದು ಹಾಕಿ. ಓವೆನ್ ಕವನವನ್ನು ಮೊದಲೇ ಯಾರಾದರೂ ಕನ್ನಡಕ್ಕೆ ಮಾಡಿಕೊಂಡು ಬಂದರೆ ಇನ್ನೂ ಒಳ್ಳೆಯದು. ಸಬ್‌ಟೈಟಲ್ ಓಡುವ ವೇಗಕ್ಕೆ ಅದು ಒಳಗೆ ಇಳಿಯುವುದಿಲ್ಲ. ಅವತ್ತು ಎದ್ದು ಹೋದ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಈ ಅಳುವಿನ ಬಗ್ಗೆಯೂ ಅವನಿಗೆ ಅದೇ ದೂರು ಇದೆಯೇ, ಇದ್ದರೆ ಯಾಕೆ ಎಂದು ಕೇಳಿ, ನನಗೆ ಬರೆದು ತಿಳಿಸಿ.